ಕೈಬಿಟ್ಟ ಓದು ಮತ್ತು ದೂರದ ಗೆಳತಿಯರು



ಚಿಕಿತ್ಸೆಗೆ ಬರುವವರು ತಮ್ಮ ಹಸಿವು, ನಿದ್ರೆ, ಮಲಪ್ರವೃತ್ತಿಗಳ ವಿಚಾರವನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾರೆ. ಮಂಡಿನೋವು ಎಷ್ಟನೆಯ ಮೆಟ್ಟಿಲಿನಲ್ಲಿ ಆರಂಭವಾಗುತ್ತದೆ ಎಂಬುದನ್ನೂ ವಿವರಿಸುತ್ತಾರೆ. ಆದರೆ ತಮಗೆ ಈಗ ಪುಸ್ತಕ ಓದಲಾಗುತ್ತಿಲ್ಲ ಎಂದು ತಾವಾಗಿಯೇ ಹೇಳುವವರು ತೀರ ವಿರಳ. ಐವತ್ತು ದಾಟಿದವರನ್ನು, ಅದರಲ್ಲಿಯೂ ತಾಯಂದಿರನ್ನು, ನಾವು ಈ ಪ್ರಶ್ನೆಯನ್ನು ತಪ್ಪದೆ ಕೇಳುವ ರೂಢಿ ಇಟ್ಟುಕೊಂಡಿದ್ದೇವೆ. ಕೇಳಿದೊಡನೆ ಅನೇಕರ ಮುಖಭಾವ ಬದಲಾಗುತ್ತದೆ. ಕಾಲೇಜಿನ ದಿನಗಳಲ್ಲಿ ವಾಚನಾಲಯದಿಂದ ವಾರಕ್ಕೆರಡು ಕಾದಂಬರಿ ತರುತ್ತಿದ್ದವರು ಅವರು. ಮದುವೆ, ಮಕ್ಕಳು, ಅತ್ತೆ-ಮಾವಂದಿರ ಶುಶ್ರೂಷೆ, ನೌಕರಿ ಇವುಗಳ ನಡುವೆ ಓದು ಎಂದು ನಿಂತುಹೋಯಿತೆಂಬುದು ಅವರಿಗೇ ನೆನಪಿಲ್ಲ. ಈಗ ಬಿಡುವಿದೆ, ಆದರೆ ಪುಸ್ತಕ ತೆರೆದರೆ ಎರಡು ಪುಟಕ್ಕೆ ಮನಸ್ಸು ಕದಲುತ್ತದೆ.

ಇದು ವಯಸ್ಸಿನ ಸಹಜ ಲಕ್ಷಣವೆಂದು ತಳ್ಳಿಹಾಕುವುದು ಸರಿಯಲ್ಲ. ಮೊದಲು ಕಣ್ಣನ್ನು ನೋಡಬೇಕು. ನಲವತ್ತರ ನಂತರ ಸಮೀಪದ ಅಕ್ಷರ ಮಸುಕಾಗುವುದು ಎಲ್ಲರಿಗೂ ಇದ್ದದ್ದೇ. ಹತ್ತು ವರ್ಷ ಹಳೆಯ ಕನ್ನಡಕ ಹಾಕಿಕೊಂಡು ತಮಗೆ ಓದಿನ ಆಸಕ್ತಿಯೇ ಹೋಯಿತೆಂದು ನಂಬಿಕೊಂಡವರನ್ನು ನಾವು ಬಹಳ ಜನ ಕಂಡಿದ್ದೇವೆ. ಕಣ್ಣಿನ ಪೊರೆ, ರಕ್ತದ ಸಕ್ಕರೆಯ ಏರಿಳಿತ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ರಕ್ತಹೀನತೆ ಇವೆಲ್ಲವೂ ಏಕಾಗ್ರತೆಯನ್ನು ಕೆಡಿಸಬಲ್ಲವು. ಇವಾವೂ ಇಲ್ಲವೆಂದಾದ ಮೇಲೆ ಉಳಿಯುವುದು ಮನಸ್ಸಿನ ಅಭ್ಯಾಸದ ಪ್ರಶ್ನೆ.

ಓದು ಹುಟ್ಟಿನಿಂದ ಬಂದ ಶಕ್ತಿಯಲ್ಲ. ನಡೆಯುವುದನ್ನು ಮತ್ತು ಮಾತನಾಡುವುದನ್ನು ಮಗು ಪ್ರಕೃತಿಯಿಂದಲೇ ಕಲಿಯುತ್ತದೆ. ಅಕ್ಷರವನ್ನು ಮಾತ್ರ ಯಾರಾದರೂ ಕಲಿಸಬೇಕು. ದೃಷ್ಟಿ, ಶ್ರವಣ, ಸ್ಮೃತಿ, ಭಾವನೆ ಇವುಗಳಿಗಾಗಿ ಇರುವ ಮೆದುಳಿನ ಭಾಗಗಳನ್ನು ಜೋಡಿಸಿ ಕಟ್ಟಿಕೊಂಡ ಸಾಮರ್ಥ್ಯವಿದು. ಬಳಸಿದರೆ ಗಟ್ಟಿಯಾಗುತ್ತದೆ, ಬಿಟ್ಟರೆ ಸಡಿಲಾಗುತ್ತದೆ. ಅಮೆರಿಕದ ಮೇರಿಯಾನ್ ವುಲ್ಫ್ ಎಂಬ ವಿದ್ವಾಂಸೆ ಓದುವ ಮೆದುಳಿನ ಅಧ್ಯಯನಕ್ಕೇ ಜೀವನವನ್ನು ಮುಡಿಪಾಗಿಟ್ಟವರು. ತಾವು ತಾರುಣ್ಯದಲ್ಲಿ ಮೆಚ್ಚಿದ್ದ ಹರ್ಮನ್ ಹೆಸ್ಸೆಯ ಕಾದಂಬರಿಯೊಂದನ್ನು ಮತ್ತೆ ಓದಲು ಕುಳಿತಾಗ ಅದು ತಮ್ಮಿಂದ ಸಾಧ್ಯವೇ ಆಗಲಿಲ್ಲವೆಂದು ಅವರು 2018ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬರೆದುಕೊಂಡಿದ್ದಾರೆ. ದಿನವಿಡೀ ಗಣಕಯಂತ್ರದ ಪರದೆಯ ಮೇಲೆ ಸರಸರನೆ ಕಣ್ಣಾಡಿಸುವ ರೂಢಿಯು ನಿಧಾನದ ಓದನ್ನು ನುಂಗಿಹಾಕಿತ್ತು. ಅವರು ದಿನಕ್ಕೆ ಇಪ್ಪತ್ತು ನಿಮಿಷದಂತೆ ಸುಮಾರು ಎರಡು ವಾರ ಹಟ ಹಿಡಿದು ಓದಿದಾಗ ಹಿಂದಿನ ಓದು ಮರಳಿತು. ಓದಿನ ತಜ್ಞೆಯ ಪಾಡೇ ಹೀಗಾದರೆ ಉಳಿದವರು ನಾಚಿಕೊಳ್ಳುವ ಕಾರಣವೇನಿದೆ?

ಆದರೆ ಎಲ್ಲರಿಗೂ ಅಂತಹ ಹಟ ಇರುವುದಿಲ್ಲ. ಹಾಗಾದರೆ ಓದು ಮರಳುವುದು ಹೇಗೆ? ಇದಕ್ಕೆ ಉತ್ತರವೆನ್ನಬಹುದಾದ ಒಂದು ವಿದ್ಯಮಾನ ಅಮೆರಿಕದಲ್ಲಿ ನಡೆದಿದೆ. ನಮ್ಮ ಓದುಗರಿಗೆ ಅದು ವಿಚಿತ್ರವೆನಿಸಬಹುದು, ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇವೆ.

ಆ ದೇಶದ ಸರ್ಕಾರದ ಕಲಾಸಂಸ್ಥೆಯೊಂದು ವಯಸ್ಕರ ಸಾಹಿತ್ಯದ ಓದನ್ನು ಆಗಾಗ ಸಮೀಕ್ಷಿಸುತ್ತದೆ. ವರ್ಷದಲ್ಲಿ ಒಂದಾದರೂ ಕಥೆ, ಕಾದಂಬರಿ, ಕವಿತೆ ಅಥವಾ ನಾಟಕ ಓದಿದವರು 1982ರಲ್ಲಿ ಶೇ. 56.9 ಇದ್ದರು, 2002ರಲ್ಲಿ ಅದು ಶೇ. 46.7ಕ್ಕೆ ಕುಸಿಯಿತು. 2008ರಲ್ಲಿ ಮಾತ್ರ ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿ ಶೇ. 50.2ಕ್ಕೆ ಏರಿತು. ಈ ಏರಿಕೆಗೆ ಒಂದೇ ಕಾರಣವನ್ನು ಹೇಳುವುದು ದುಡುಕಾದೀತು. ಆದರೂ ಅದೇ ವರ್ಷಗಳಲ್ಲಿ ಅಲ್ಲಿನ ಪುಸ್ತಕದಂಗಡಿಗಳನ್ನು ತುಂಬಿದ್ದ ಒಂದು ಬಗೆಯ ಸಾಹಿತ್ಯವನ್ನು ಮರೆಯುವಂತಿಲ್ಲ. ಅದಕ್ಕೆ ಪ್ಯಾರಾನಾರ್ಮಲ್ ರೊಮಾನ್ಸ್ ಎಂದು ಹೆಸರು. ಅತಿಮಾನುಷ ಪ್ರಣಯಕಥೆಗಳು ಎಂದು ನಾವು ಕರೆಯಬಹುದು. ನಾಯಕ ರಕ್ತ ಹೀರುವ ಪಿಶಾಚಿಯೋ, ಹುಣ್ಣಿಮೆಯಂದು ತೋಳವಾಗುವ ಮನುಷ್ಯನೋ ಆಗಿರುತ್ತಾನೆ. ನಾಯಕಿ ಸಾಮಾನ್ಯ ಹೆಣ್ಣುಮಗಳು.

ನಕ್ಕುಬಿಡುವ ಮೊದಲು ನೆನಪಿಡಬೇಕಾದದ್ದುಂಟು. ವಿಕ್ರಮಾದಿತ್ಯನ ಹೆಗಲೇರಿದ ಬೇತಾಳನ ಕಥೆ ಕೇಳಿಯೇ ನಮ್ಮಲ್ಲಿ ಎಷ್ಟೋ ಜನ ಓದಿನ ರುಚಿ ಹತ್ತಿಸಿಕೊಂಡವರು. ಆಯುರ್ವೇದದ ಎಂಟು ಅಂಗಗಳಲ್ಲಿ ಭೂತವಿದ್ಯೆಯೂ ಒಂದು. ಈ ಕಾದಂಬರಿಗಳಿಗೂ ಆ ಶಾಸ್ತ್ರಕ್ಕೂ ಸಂಬಂಧವಿಲ್ಲವೆನ್ನಿ, ಓದುವವರು ಪಿಶಾಚಿಗಳನ್ನು ನಂಬುವವರೂ ಅಲ್ಲ.

ಪಾಶ್ಚಾತ್ಯರ ಈ ಪಿಶಾಚಿ ಮೊದಲಿಗೆ ಕೇವಲ ಭಯದ ವಸ್ತುವಾಗಿದ್ದ. ಐರ್ಲೆಂಡಿನ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ಡ್ರಾಕುಲಾ ಅಂಥವನು. 1976ರಲ್ಲಿ ಆ್ಯನ್ ರೈಸ್ ಎಂಬ ಲೇಖಕಿ ಮೊದಲ ಬಾರಿಗೆ ಎಂಬಂತೆ ಆ ಪಿಶಾಚಿಗೇ ಮಾತು ಕೊಟ್ಟು, ಅವನ ಸಂಕಟವನ್ನು ಅವನಿಂದಲೇ ಹೇಳಿಸಿದರು. ಅದರ ಹಿಂದೆ ಒಂದು ದುಃಖವಿತ್ತು. ಆಕೆಯ ಐದು ವರ್ಷದ ಮಗಳು 1972ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಆ ಕಾದಂಬರಿಯಲ್ಲಿ ಎಂದೂ ಬೆಳೆಯದೆ ಉಳಿಯುವ ಒಂದು ಪುಟ್ಟ ಹುಡುಗಿ ಬರುತ್ತಾಳೆ. ರಕ್ತಪಿಶಾಚಿಯ ಕಥೆ ಎಂದು ಹಗುರವಾಗಿ ನೋಡುವವರಿಗೆ ಇದು ತಿಳಿದಿರುವುದಿಲ್ಲ.

2001ರಲ್ಲಿ ಚಾರ್ಲೇನ್ ಹ್ಯಾರಿಸ್ ಅವರು ಇತರರ ಮನದ ಮಾತು ಕೇಳಿಸುವ ಹೋಟೆಲ್ ಪರಿಚಾರಿಕೆಯೊಬ್ಬಳ ಕಥಾಮಾಲೆಯನ್ನು ಆರಂಭಿಸಿದರು. 2005ರಲ್ಲಿ ಸ್ಟೆಫನಿ ಮೇಯರ್ ಅವರ ಟ್ವಿಲೈಟ್ ಬಂತು. ಈಕೆ ಅರಿಜೋನಾದಲ್ಲಿ ಮೂವರು ಚಿಕ್ಕ ಗಂಡುಮಕ್ಕಳನ್ನು ಸಾಕುತ್ತಿದ್ದ ಗೃಹಿಣಿ. 2003ರ ಜೂನ್ ತಿಂಗಳಲ್ಲಿ ಕಂಡ ಕನಸೊಂದನ್ನು ಮರೆಯಬಾರದೆಂದು ಬರೆಯತೊಡಗಿದರು. ಈ ಮಾಲೆಯ ಪುಸ್ತಕಗಳು 10 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದವು. ಹದಿಹರೆಯದವರಿಗೆಂದು ಬಂದ ಪುಸ್ತಕವನ್ನು ಅವರ ತಾಯಂದಿರೂ ಕದ್ದು ಓದಿದರು. ಮಕ್ಕಳನ್ನು ಮಲಗಿಸಿದ ಮೇಲೆ, ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಐನೂರು ಪುಟದ ಕಾದಂಬರಿಯೊಂದನ್ನು ಮುಗಿಸಿದವರು ಅವರಲ್ಲಿದ್ದರು. ಮುಗಿಸಿದ ಮೇಲೆ ಯಾರೊಡನೆ ಮಾತನಾಡುವುದು? ಪತಿಗೆ ಹೇಳಿದರೆ ನಗು, ನೆರೆಯವರಿಗೆ ಹೇಳಲು ಸಂಕೋಚ. ಆಗ ಅವರು ಅಂತರ್ಜಾಲದಲ್ಲಿ ತಮ್ಮಂಥವರನ್ನೇ ಹುಡುಕಿದರು, ಸಾವಿರಗಟ್ಟಲೆ ಸಿಕ್ಕರು. ಕಥೆ ನಡೆಯುವ ಫೋರ್ಕ್ಸ್ ಎಂಬ ಊರು ವಾಷಿಂಗ್ಟನ್ ರಾಜ್ಯದ ಕಾಡಿನಂಚಿನಲ್ಲಿದೆ. ಮರ ಕಡಿಯುವವರ ಸಣ್ಣ ಊರು. ನಮ್ಮ ಆಗುಂಬೆಯಷ್ಟಲ್ಲದಿದ್ದರೂ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಈ ಓದುಗರು ಉತ್ಸವಕ್ಕೆ ಸೇರುತ್ತಾರೆ.

ಇದರ ಮಹತ್ವ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಸ್ಥಿತಿಯನ್ನು ನೋಡಬೇಕು. ಜಾನಿಸ್ ರಾಡ್ವೇ ಎಂಬ ಸಂಶೋಧಕಿ ಅಮೆರಿಕದ ಒಳನಾಡಿನ ಒಂದು ಊರಿನಲ್ಲಿ ಪ್ರಣಯ ಕಾದಂಬರಿ ಓದುವ ಗೃಹಿಣಿಯರನ್ನು ಮಾತನಾಡಿಸಿ, 1984ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಊರಿನ ಹೆಸರನ್ನು ಗುಟ್ಟಾಗಿಟ್ಟು ಸ್ಮಿತ್‌ಟನ್ ಎಂದು ಕರೆದರು. ಆ ಕಥೆಗಳಲ್ಲಿ ಏನಿದೆ ಎಂಬುದಕ್ಕಿಂತ ಓದುವ ಕ್ರಿಯೆಯೇ ಆ ಸ್ತ್ರೀಯರಿಗೆ ಮುಖ್ಯವಾಗಿತ್ತೆಂಬುದು ಅವರಿಗೆ ಕಂಡುಬಂದಿತು. ಪುಸ್ತಕ ಹಿಡಿದು ಕುಳಿತರೆ, ಈ ಒಂದು ಗಂಟೆ ನನ್ನದು, ಈಗ ಯಾರಿಗೂ ಏನನ್ನೂ ಬಡಿಸಲಾರೆ ಎಂದು ಸಾರಿದಂತೆ. ಇಡೀ ಮನೆಯನ್ನು ಪೋಷಿಸುವವಳನ್ನು ಪೋಷಿಸುವವರು ಯಾರು ಎಂಬ ಪ್ರಶ್ನೆಗೆ ಆ ಪುಸ್ತಕಗಳೇ ಉತ್ತರವಾಗಿದ್ದವು. ಆದರೆ ಅವರು ಪರಸ್ಪರ ಕುಳಿತು ಚರ್ಚಿಸುತ್ತಿದ್ದದ್ದು ಕಡಿಮೆ. ಪುಸ್ತಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮಹಿಳೆಯೇ ಅವರೆಲ್ಲರ ಕೊಂಡಿ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಒಂಟಿಯಾಗಿಯೇ ಓದುತ್ತಿದ್ದರು. ಇಪ್ಪತ್ತು ವರ್ಷಗಳ ನಂತರ ಬದಲಾದದ್ದು ಇದೇ.

ನಮ್ಮ ಸೀಮೆಯವರೇ ಆದ ತಾಯಿಯೊಬ್ಬರು ಮೂವತ್ತು ವರ್ಷಗಳಿಂದ ಅಮೆರಿಕದಲ್ಲಿದ್ದಾರೆ. ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಬಂದಾಗ ನಮ್ಮಲ್ಲಿಗೂ ಬರುತ್ತಾರೆ. ನಿದ್ರಾನಾಶ, ಆಮ್ಲಪಿತ್ತ, ಹೆಗಲಿನ ಬಿಗಿತ, ಯಾರೊಡನೆಯೂ ಮಾತು ಬೇಡವೆನಿಸುವುದು ಇವು ಅವರ ಹಳೆಯ ತೊಂದರೆಗಳು. ಮಕ್ಕಳಿಬ್ಬರೂ ಬೇರೆ ರಾಜ್ಯಗಳಿಗೆ ಹೋದ ಮೇಲೆ ಇವು ಉಲ್ಬಣಿಸಿದ್ದವು. ಒಮ್ಮೆ ಬಂದಾಗ ನಾಡಿ ನೋಡುವ ಮೊದಲೇ ಅವರ ಯಜಮಾನರು ದೂರು ತೆಗೆದರು: "ಡಾಕ್ಟರೇ, ಇಕಿಗೆ ಸ್ವಲ್ಪ ಬುದ್ಧಿ ಹೇಳ್ರಿ. ಈ ವಯಸ್ಸಿನ್ಯಾಗ ದೆವ್ವಿನ ಪ್ರೇಮದ ಕಥಿ ಓದ್ಕೋತ ಕುಂಡ್ರತಾಳ."

ತಾಯಿಯವರು ತಲೆ ತಗ್ಗಿಸಿದರು. ನಾವು ಯಜಮಾನರನ್ನು ಹೊರಗೆ ಚಹಾ ಕುಡಿಯಲು ಕಳುಹಿಸಿ, ಏನು ಓದುತ್ತೀರಿ ಎಂದು ವಿಚಾರಿಸಿದೆವು. ಹುಡುಗಿಯಾಗಿದ್ದಾಗ ತ್ರಿವೇಣಿಯವರ ಕಾದಂಬರಿಗಳನ್ನೆಲ್ಲ ಓದಿದ್ದವರಂತೆ. ಅಲ್ಲಿಗೆ ಹೋದ ಮೇಲೆ ಕನ್ನಡ ಪುಸ್ತಕ ಸಿಗದೆ, ಇಂಗ್ಲಿಷ್ ಪುಸ್ತಕ ಹಿಡಿಸದೆ, ಓದು ನಿಂತಿತು. ಚಳಿಗಾಲದ ಒಂದು ದಿನ ಕಚೇರಿಯ ಸಹೋದ್ಯೋಗಿಯೊಬ್ಬಳು ಇಂತಹ ಒಂದು ಕಾದಂಬರಿಯನ್ನು ಕೊಟ್ಟಳು. ಭಾಷೆ ಸರಳ, ಕಥೆ ಓಡುತ್ತದೆ. ಮೂರು ದಿನದಲ್ಲಿ ಮುಗಿಯಿತು. ಮುಂದಿನ ಭಾಗ ಹುಡುಕುತ್ತ ಅಂತರ್ಜಾಲಕ್ಕೆ ಹೋದವರಿಗೆ ಅದೇ ಮಾಲೆಯನ್ನು ಓದುತ್ತಿದ್ದ ಐದು ಜನ ಪರಿಚಯವಾದರು. ಒಬ್ಬಾಕೆ ಟೆಕ್ಸಾಸಿನ ನರ್ಸ್, ಒಬ್ಬಾಕೆ ಕೆನಡಾದ ನಿವೃತ್ತ ಶಿಕ್ಷಕಿ, ಇನ್ನೊಬ್ಬಾಕೆ ಗಾಲಿಕುರ್ಚಿಯಲ್ಲಿಯೇ ಇರುವವರು. ಭಾನುವಾರ ಸಂಜೆ ಎಲ್ಲರೂ ದೂರವಾಣಿಯಲ್ಲಿ ಒಂದು ಗಂಟೆ ಮಾತನಾಡುತ್ತಾರೆ. ಆ ವಾರ ಇಂತಿಷ್ಟು ಅಧ್ಯಾಯ ಎಂದು ನಿಗದಿ.

"ಅಲ್ಲಿ ಎಲ್ಲಾರೂ ನನ್ನ ಯಾರದೋ ಹೆಂಡ್ತಿ, ಯಾರದೋ ತಾಯಿ ಅಂತನ ಗುರ್ತು ಹಿಡೀತಾರ್ರಿ" ಎಂದರು ಅವರು. "ಇವರೈದು ಮಂದಿ ಅಷ್ಟ ನೋಡ್ರಿ, ನಿನಗ ಏನ ಅನಿಸ್ತು ಅಂತ ಕೇಳೋರು."

ಔಷಧಿಯ ಚೀಟಿ ಬರೆಯುವುದನ್ನು ನಿಲ್ಲಿಸಿ ಈ ಮಾತನ್ನು ಕೇಳಿದೆವು. ಯಜಮಾನರು ಮರಳಿ ಬಂದಾಗ ಅವರು ಬಯಸಿದ ಬುದ್ಧಿಮಾತನ್ನು ನಾವು ಹೇಳಲಿಲ್ಲ. ಭಾನುವಾರದ ಆ ಒಂದು ಗಂಟೆ ತಪ್ಪಿಸಬೇಡಿರೆಂದೂ, ಆ ಹೊತ್ತಿನಲ್ಲಿ ಚಹಾ ಕೇಳಬೇಡಿರೆಂದೂ ಅವರಿಗೇ ಹೇಳಿದೆವು. ಈ ತಾಯಿ ಆಮೇಲೆ ತ್ರಿವೇಣಿಯವರನ್ನೂ ಮತ್ತೆ ತರಿಸಿಕೊಂಡು ಓದಿದರು. ಪಿಶಾಚಿಯ ಬೆನ್ನು ಹತ್ತಿ ಹೋದವರು ತಮ್ಮ ಹಳೆಯ ಮನೆಗೇ ಬಂದು ಮುಟ್ಟಿದರೆಂದು ನಾವು ತಮಾಷೆ ಮಾಡಿದ್ದುಂಟು. ಹೆಗಲಿನ ಬಿಗಿತ ಪೂರ್ಣ ಹೋಗಿಲ್ಲ, ಅದಕ್ಕೆ ಎಣ್ಣೆ, ಶಾಖಗಳೇ ಬೇಕು. ಆದರೆ ಮಾತು ಬೇಡವೆನ್ನುತ್ತಿದ್ದವರು ಈಗ ನಮ್ಮ ಸರದಿಯ ಮುಂದಿನ ರೋಗಿ ಕಾಯುವಷ್ಟು ಮಾತನಾಡುತ್ತಾರೆ.

ಚರಕಾಚಾರ್ಯರು ವಿಮಾನಸ್ಥಾನದಲ್ಲಿ ತದ್ವಿದ್ಯ ಸಂಭಾಷೆ ಎಂಬ ವಿಷಯವನ್ನು ವಿಸ್ತಾರವಾಗಿ ಹೇಳಿದ್ದಾರೆ. ಒಂದೇ ವಿದ್ಯೆಯನ್ನು ಅರಿತವರು ಪರಸ್ಪರ ಮಾತನಾಡುವುದೆಂದು ಅದರ ಅರ್ಥ. ಅದು ಎರಡು ಬಗೆ: ಸ್ನೇಹದಿಂದ ಕೂಡಿ ಮಾತನಾಡುವ ಸಂಧಾಯ ಸಂಭಾಷೆ, ಗೆಲ್ಲುವ ಹಟದಿಂದ ಮಾಡುವ ವಿಗೃಹ್ಯ ಸಂಭಾಷೆ. ಕೋಪವಿಲ್ಲದ, ಅಸೂಯೆಯಿಲ್ಲದ, ಇನ್ನೊಬ್ಬರ ಮಾತಿಗೆ ಒಪ್ಪುವ ಗುಣವುಳ್ಳವರೊಡನೆ ಮೊದಲನೆಯದನ್ನು ಮಾಡಬೇಕು. ಅಲ್ಲಿ ಅಂಜದೆ ಕೇಳಬೇಕು, ಅಂಜದೆ ಹೇಳಬೇಕು. ಇದರಿಂದ ಓದಿದ್ದು ಗಟ್ಟಿಯಾಗುತ್ತದೆ, ಸಂಶಯ ಕಳೆಯುತ್ತದೆ, ಮಾತಿನ ಶಕ್ತಿ ಬೆಳೆಯುತ್ತದೆ. ಆಚಾರ್ಯರು ಇದನ್ನು ವೈದ್ಯರಿಗಾಗಿ ಹೇಳಿದರು ನಿಜ. ಆದರೆ ಒಂದೇ ಪುಸ್ತಕವನ್ನು ಓದಿದ ಆರು ಜನ ಸ್ತ್ರೀಯರಿಗೆ ಇದು ಅನ್ವಯಿಸದೆಂದು ನಮಗೆ ತೋರುವುದಿಲ್ಲ. ಭಾನುವಾರ ಮಾತನಾಡಬೇಕಲ್ಲ ಎಂಬ ನೆನಪೇ ಮಂಗಳವಾರ ಪುಸ್ತಕ ತೆರೆಸುತ್ತದೆ. ಮನಸ್ಸನ್ನು ವಿಷಯದಲ್ಲಿ ಹಿಡಿದು ನಿಲ್ಲಿಸುವ ಧೃತಿ, ಓದಿದ್ದನ್ನು ಕಾಯ್ದುಕೊಳ್ಳುವ ಸ್ಮೃತಿ ಎರಡಕ್ಕೂ ಇದು ವ್ಯಾಯಾಮ.

ಒಂಟಿತನವು ಕೇವಲ ಮನಸ್ಸಿನ ಬೇಸರವಲ್ಲವೆಂಬುದು ಈಗ ವೈದ್ಯಲೋಕ ಒಪ್ಪಿದ ಮಾತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾಂಕ್ರಾಮಿಕದಂತೆ ಪರಿಗಣಿಸಬೇಕೆಂದು ಸಾರ್ವಜನಿಕ ಎಚ್ಚರಿಕೆ ನೀಡಿದರು. ಅಲ್ಲಿನ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಒಂಟಿತನವನ್ನು ಅನುಭವಿಸಿದವರೆಂದು ಆ ವರದಿ ಹೇಳುತ್ತದೆ. 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 148 ಅಧ್ಯಯನಗಳ ಮೂರು ಲಕ್ಷಕ್ಕೂ ಮಿಕ್ಕ ಜನರನ್ನು ಪರಿಶೀಲಿಸಿ, ಗಟ್ಟಿಯಾದ ಸ್ನೇಹಸಂಬಂಧವುಳ್ಳವರು ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚೆಂದು ತೋರಿಸಿತು. ಓದಿನ ಬಗ್ಗೆಯೂ ಯೇಲ್ ವಿಶ್ವವಿದ್ಯಾಲಯದ ಅಧ್ಯಯನವೊಂದಿದೆ. ಐವತ್ತು ದಾಟಿದ 3,635 ಜನರನ್ನು ಹನ್ನೆರಡು ವರ್ಷಗಳವರೆಗೆ ಗಮನಿಸಿದಾಗ, ಪುಸ್ತಕ ಓದುವವರಲ್ಲಿ ಮರಣದ ಸಂಭವ ಓದದವರಿಗಿಂತ ಶೇ. 20ರಷ್ಟು ಕಡಿಮೆ ಇತ್ತು. ಪತ್ರಿಕೆಗಳಿಗಿಂತ ಪುಸ್ತಕಗಳ ಓದಿನಿಂದ ಹೆಚ್ಚು ಲಾಭ. ಓದಿನಿಂದಲೇ ಆಯುಷ್ಯ ಹೆಚ್ಚಿತೆಂದು ಇಷ್ಟರಿಂದ ಸಿದ್ಧವಾಗುವುದಿಲ್ಲ, ಆರೋಗ್ಯವಂತರೇ ಹೆಚ್ಚು ಓದುತ್ತಿರಬಹುದು. ಆದರೂ ನಿರ್ಲಕ್ಷಿಸುವ ಸಂಗತಿಯಲ್ಲ.

ಇನ್ನು ಪಥ್ಯದ ಮಾತು. ಈ ಕಥೆಗಳು ನಡೆಯುವುದು ರಾತ್ರಿಯಲ್ಲಿ, ಓದುವುದೂ ರಾತ್ರಿಯೇ. ರಾತ್ರಿ ಜಾಗರಣೆ ರೂಕ್ಷತೆಯನ್ನು ಹೆಚ್ಚಿಸಿ ವಾತವನ್ನು ಕೆರಳಿಸುತ್ತದೆ. ಆಹಾರದಷ್ಟೇ ನಿದ್ರೆಯೂ ಶರೀರದ ಆಧಾರಸ್ತಂಭ. ಒಂದೇ ಅಧ್ಯಾಯ ಎಂದು ಎರಡು ಗಂಟೆಯವರೆಗೆ ಎಚ್ಚರವಿದ್ದರೆ ಸ್ನೇಹದಿಂದ ಬಂದ ಲಾಭವೆಲ್ಲ ಅಲ್ಲಿಗೇ ಸೋರಿಹೋಗುತ್ತದೆ. ಬೆಳಕು ಸೂಸುವ ಪರದೆಯದು ಬೇರೆಯೇ ದೋಷ. ಬೋಸ್ಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಲಗುವ ಮುನ್ನ ನಾಲ್ಕು ಗಂಟೆ ಅಂತಹ ಪರದೆಯಲ್ಲಿ ಓದಿದವರಿಗೆ ಅಚ್ಚಾದ ಪುಸ್ತಕ ಓದಿದಾಗಿಗಿಂತ ಸುಮಾರು ಹತ್ತು ನಿಮಿಷ ತಡವಾಗಿ ನಿದ್ರೆ ಬಂದಿತು, ನಿದ್ರೆಗೆ ಸಹಾಯಕವಾದ ಮೆಲಟೋನಿನ್ ಎಂಬ ಸ್ರಾವ ಅರ್ಧಕ್ಕಿಂತ ಹೆಚ್ಚು ಕುಗ್ಗಿತು. ಪ್ರಯೋಗಕ್ಕೆ ಒಳಗಾದವರು ಹನ್ನೆರಡೇ ಜನ, ಆದರೂ ದಿಕ್ಕು ಸ್ಪಷ್ಟ. ಆದ್ದರಿಂದ ಗೆಳತಿಯರೊಡನೆ ಮಾತು ಸಂಜೆಗೇ ಮುಗಿಯಲಿ, ರಾತ್ರಿಯ ಓದು ಕಾಗದದ ಮೇಲಿರಲಿ. ಒಂಬತ್ತೂವರೆಗೆ ಪುಸ್ತಕ ಮುಚ್ಚಿ, ಅಂಗಾಲಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿಕೊಂಡು ಮಲಗಬೇಕು. ಪಾದಾಭ್ಯಂಗ ನಿದ್ರೆಗೂ ದೃಷ್ಟಿಗೂ ಹಿತವೆಂದು ಶಾಸ್ತ್ರವಿದೆ. ಬಿಸಿ ಹಾಲು ಒಗ್ಗುವವರು ಅರ್ಧ ಲೋಟ ಕುಡಿಯಬಹುದು.

ಓದನ್ನು ಮರಳಿ ಹಿಡಿಯುವವರು ಒಮ್ಮೆಗೇ ಮೊಬೈಲನ್ನು ಬಿಸಾಡುವ ಪ್ರತಿಜ್ಞೆ ಮಾಡಬಾರದು. ಅಭ್ಯಾಸವಾದ ಅಹಿತವನ್ನು ಕಾಲುಭಾಗ ಕಾಲುಭಾಗವಾಗಿ ಬಿಡುತ್ತ, ಹಿತವನ್ನು ಅದೇ ಪ್ರಮಾಣದಲ್ಲಿ ಸೇರಿಸುತ್ತ ಹೋಗಬೇಕೆಂಬ ಚರಕರ ಕ್ರಮ ಇಲ್ಲಿ ಬಹಳ ಉಪಯುಕ್ತ. ದಿನಕ್ಕೆ ಎರಡು ಗಂಟೆ ಮೊಬೈಲ್ ನೋಡುವವರು ಮೊದಲ ಕೆಲವು ದಿನ ಅರ್ಧ ಗಂಟೆಯನ್ನು ಪುಸ್ತಕಕ್ಕೆ ಕೊಡಲಿ. ಪುಸ್ತಕ ಯಾವುದಿರಬೇಕು? ಮನಸ್ಸು ಓಡುವಂಥದ್ದು. ಮೂವತ್ತು ವರ್ಷ ಓದದವರಿಗೆ ಮೊದಲ ದಿನವೇ ಮಹಾಕಾವ್ಯ ಕೊಡುವುದೆಂದರೆ ಲಂಘನ ಮಾಡಿದವನಿಗೆ ಹೋಳಿಗೆ ಬಡಿಸಿದಂತೆ. ಗಂಜಿಯಿಂದ ಆರಂಭವಾಗಲಿ. ಪತ್ತೇದಾರಿಯಾಗಲಿ, ಪ್ರವಾಸಕಥನವಾಗಲಿ, ದೆವ್ವದ ಪ್ರೇಮವೇ ಆಗಲಿ, ಮನೆಯವರು ಮೂಗು ಮುರಿಯಬಾರದು. ಜೊತೆಗೆ ಅದೇ ಪುಸ್ತಕ ಓದುವ ಒಬ್ಬರಾದರೂ ಇರಲಿ. ಬೇರೆ ಊರಿನ ಅಕ್ಕ-ತಂಗಿ, ಕಾಲೇಜಿನ ಗೆಳತಿ ಯಾರಾದರೂ ಸರಿ, ವಾರಕ್ಕೊಮ್ಮೆ ಫೋನು ಸಾಕು.

ಎಚ್ಚರಿಕೆಗಳೂ ಇವೆ. ಇಂತಹ ಕಾದಂಬರಿಗಳಲ್ಲಿ ಕೆಲವು ವಯಸ್ಕರಿಗೆ ಮಾತ್ರ ತಕ್ಕವು. ಹದಿಹರೆಯದ ಮಕ್ಕಳ ಕೈಯಲ್ಲಿ ಕಂಡರೆ ಕಸಿದುಕೊಳ್ಳುವ ಬದಲು ತಾವೂ ಓದಿ ಮಾತನಾಡುವುದು ಲೇಸು. ನಾಯಕಿಯನ್ನು ಹಗಲಿರುಳು ಹಿಂಬಾಲಿಸಿ ಕಾವಲು ಕಾಯುವ ನಾಯಕ ಕಥೆಯಲ್ಲಿ ಪ್ರೇಮಿಯೆನಿಸಬಹುದು, ಬದುಕಿನಲ್ಲಿ ಅಂಥವನು ಅಪಾಯಕಾರಿ ಎಂಬ ವ್ಯತ್ಯಾಸವನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕು. ಅಂತರ್ಜಾಲದಲ್ಲಿ ಪರಿಚಯವಾದವರು ಹಣ ಕೇಳಿದರೆ, ಮನೆಯ ವಿಳಾಸ ಅಥವಾ ಬ್ಯಾಂಕಿನ ವಿವರ ಕೇಳಿದರೆ, ಅಲ್ಲಿಗೆ ಸಂಬಂಧ ಕಡಿದುಕೊಳ್ಳತಕ್ಕದ್ದು.

ಇನ್ನೊಂದು ವಿಚಾರವನ್ನು ಮನೆಯವರೆಲ್ಲರೂ ತಿಳಿದಿರಬೇಕು. ಓದು ಮಾತ್ರವಲ್ಲದೆ ಅಡುಗೆ, ಹಾಡು, ಮೊಮ್ಮಕ್ಕಳು ಹೀಗೆ ಮೊದಲು ಇಷ್ಟವಿದ್ದ ಎಲ್ಲದರಲ್ಲಿಯೂ ಆಸಕ್ತಿ ಬತ್ತಿಹೋಗಿ, ಅದು ಎರಡು ವಾರಕ್ಕೂ ಮೀರಿ ಉಳಿದು, ಜೊತೆಗೆ ನಸುಕಿನಲ್ಲಿಯೇ ಎಚ್ಚರವಾಗುವುದು, ಊಟ ಸೇರದಿರುವುದು, ಬದುಕು ಸಾಕೆನ್ನುವ ಮಾತು ಕಂಡುಬಂದರೆ, ಅದು ಖಿನ್ನತೆಯೆಂಬ ವ್ಯಾಧಿ. ಅಂಥವರ ಕೈಗೆ ಪುಸ್ತಕ ಕೊಟ್ಟು ಓದಿ ಎಂದರೆ ಆಗುವುದಿಲ್ಲ, ಮನೋವೈದ್ಯರಲ್ಲಿ ಕರೆದುಕೊಂಡು ಹೋಗಬೇಕು. ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ಬಿಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.